ದೇಶ ಬೆಳೆಯಿತು, ಷೇರು ಬೆಳೆಯಲಿಲ್ಲ

ಗೋಲ್ಡ್‌ಮನ್ ಸ್ಯಾಕ್ಸ್ 2003ರ ಅಕ್ಟೋಬರಿನಲ್ಲಿ ಹೊರತಂದ ‘ಡ್ರೀಮಿಂಗ್ ವಿತ್ ಬ್ರಿಕ್ಸ್’ ಪ್ರಬಂಧಕ್ಕೆ ಇವತ್ತಿಗೂ ಸಲ್ಲುತ್ತಿರುವ ಗೌರವ ಅದರ ಯೋಗ್ಯತೆಗೆ ಮೀರಿದ್ದು. ಅದೇ ಸಂಸ್ಥೆಯ ಅರ್ಥಶಾಸ್ತ್ರಜ್ಞ ಜಿಮ್ ಓನೀಲ್ 2001ರಲ್ಲಿ ಕೊಟ್ಟ ‘ಬ್ರಿಕ್’ ಎಂಬ ಹೆಸರು, ಅದು ಮುಂದೆ ರಾಜಕೀಯ ಒಕ್ಕೂಟವಾಗಿ ಬೆಳೆದದ್ದು, ಇವೆಲ್ಲ ಗೊತ್ತಿರುವ ಸಂಗತಿ.

ಪ್ರಬಂಧ ಬರೆದ ಡೊಮಿನಿಕ್ ವಿಲ್ಸನ್ ಮತ್ತು ರೂಪಾ ಪುರುಷೋತ್ತಮನ್ ಅವರ ಲೆಕ್ಕಾಚಾರ ಶ್ರದ್ಧೆಯದ್ದೇ. ಜನಸಂಖ್ಯೆ, ಬಂಡವಾಳ, ಉತ್ಪಾದಕತೆಗಳನ್ನು ಹೆಣೆದು ಬ್ರೆಜಿಲ್, ರಷ್ಯಾ, ಭಾರತ, ಚೀನಾ ಈ ನಾಲ್ಕು ದೇಶಗಳ ಜಿಡಿಪಿಯನ್ನು 2050ರವರೆಗೆ ಎಳೆದಿದ್ದಾರೆ. ಡಾಲರ್ ಲೆಕ್ಕದ ಏರಿಕೆಯಲ್ಲಿ ಸುಮಾರು ಮೂರನೇ ಒಂದು ಪಾಲು ಆ ದೇಶಗಳ ಕರೆನ್ಸಿ ಬಲಗೊಳ್ಳುವುದರಿಂದ ಬರಬೇಕು ಎಂಬುದನ್ನೂ ಮುಚ್ಚಿಟ್ಟಿಲ್ಲ. ಅಷ್ಟಾದ ಮೇಲೆ, ಸರಿಯಾದ ಉದಯೋನ್ಮುಖ ಮಾರುಕಟ್ಟೆಗಳಲ್ಲಿ ಹಣ ಹೂಡಿರುವುದು ಇನ್ನು ಮುಂದೆ ಹೆಚ್ಚು ಮುಖ್ಯವಾಗಬಹುದು ಎಂಬ ಸಲಹೆ ಬರುತ್ತದೆ. ನನ್ನ ತಕರಾರು ಇಲ್ಲಿದೆ. ಜಿಡಿಪಿಯ ದಡದಿಂದ ಹೂಡಿಕೆದಾರನ ದಡಕ್ಕೆ ಅವರು ಸೇತುವೆ ಕಟ್ಟಿಲ್ಲ. ದೇಶದ ಉತ್ಪನ್ನದಲ್ಲಿ ಕಂಪನಿಗಳ ಲಾಭದ ಪಾಲೆಷ್ಟು? ಆ ಲಾಭ ಷೇರುಪೇಟೆಯಲ್ಲಿ ಲಿಸ್ಟ್ ಆದ ಕಂಪನಿಗಳದ್ದೋ, ಹೊರಗಿನವರದ್ದೋ? ಕಂಪನಿ ಮತ್ತೆ ಮತ್ತೆ ಹೊಸ ಷೇರು ಬಿಟ್ಟರೆ ಹಳೆಯ ಷೇರುದಾರನಿಗೆ ಉಳಿಯುವುದೇನು? ಎಲ್ಲಕ್ಕೂ ಮೊದಲು, ಕೊಳ್ಳುವ ದಿನದ ಬೆಲೆ ಎಷ್ಟು? ಬೆಳವಣಿಗೆ ಖಚಿತವೆಂದು ಎಲ್ಲರೂ ನಂಬಿದ ಹೊತ್ತಿಗೆ ಅದರ ಬೆಲೆಯನ್ನು ಷೇರಿನ ದರದಲ್ಲಿ ಆಗಲೇ ವಸೂಲು ಮಾಡಿರುತ್ತಾರೆ.

ಉದಾಹರಣೆಗೆ, 2007ರ ನವೆಂಬರಿನಲ್ಲಿ ಚೀನಾದ ತೈಲ ಕಂಪನಿ ಪೆಟ್ರೊಚೈನಾ ಶಾಂಘೈ ಪೇಟೆಗೆ ಬಂತು. ಐಪಿಒ ದರ 16.70 ಯುವಾನ್. ಮೊದಲ ದಿನವೇ ವಹಿವಾಟು 48ರ ಮೇಲೆ ಶುರುವಾಗಿ, ಕಂಪನಿಯ ಮಾರುಕಟ್ಟೆ ಮೌಲ್ಯ 1 ಲಕ್ಷ ಕೋಟಿ ಡಾಲರ್ ದಾಟಿತು. ಆ ದರವನ್ನು ಷೇರು ಮತ್ತೆ ಮುಟ್ಟಲಿಲ್ಲ. ಅದಕ್ಕೂ ಹಿಂದಿನ ತಿಂಗಳು 6,124ಕ್ಕೆ ಏರಿದ್ದ ಶಾಂಘೈ ಸೂಚ್ಯಂಕ 2023ರ ಕೊನೆಗೆ 3,000ದ ಆಸುಪಾಸಿನಲ್ಲಿತ್ತು. ಅದೇ ಅವಧಿಯಲ್ಲಿ ಚೀನಾದ ಜಿಡಿಪಿ, ಯುವಾನ್ ಲೆಕ್ಕದಲ್ಲಿ, ನಾಲ್ಕು ಪಟ್ಟಿಗೂ ಹೆಚ್ಚಾಯಿತು. ಪ್ರಬಂಧ ಅಂದಾಜಿಸಿದ್ದಕ್ಕಿಂತ ಮೊದಲೇ, 2010ರಲ್ಲಿ, ಚೀನಾ ಜಪಾನನ್ನು ಹಿಂದಿಕ್ಕಿತು. ಭವಿಷ್ಯ ಫಲಿಸಿತು, ಅದನ್ನು ನಂಬಿ ಆ ತುದಿಯಲ್ಲಿ ಕೊಂಡವನ ಅರ್ಧ ಗಂಟು ಕರಗಿತು.

ಪ್ರಬಂಧದ ಟೀಕಾಕಾರರ ಮೇಲೆ ನನಗೆ ಇನ್ನೂ ಹೆಚ್ಚಿನ ಅಸಮಾಧಾನವಿದೆ. ಬ್ರೆಜಿಲ್ ಎಡವಿತು, ರಷ್ಯಾ ದಾರಿ ತಪ್ಪಿತು, ಆದ್ದರಿಂದ ಸಿದ್ಧಾಂತ ಸುಳ್ಳು ಎನ್ನುತ್ತಾರೆ. ಚೀನಾ, ಭಾರತ ಗೆದ್ದಿವೆಯಲ್ಲ ಎಂದು ಸಮರ್ಥಕರು ಉತ್ತರಿಸುತ್ತಾರೆ. ಇಬ್ಬರೂ ಹಿಡಿದಿರುವುದು ಅದೇ ಜಿಡಿಪಿಯ ಅಳತೆಗೋಲು. 2022ರ ಮಾರ್ಚಿನಲ್ಲಿ ಎಂಎಸ್‌ಸಿಐ ರಷ್ಯಾದ ಷೇರುಗಳನ್ನು ಹೆಚ್ಚುಕಡಿಮೆ ಸೊನ್ನೆ ಬೆಲೆಗೆ ತನ್ನ ಸೂಚ್ಯಂಕದಿಂದ ಕೈಬಿಟ್ಟಾಗ ಪ್ರಶ್ನೆ ಬೆಳವಣಿಗೆ ದರದ್ದಾಗಿರಲಿಲ್ಲ. ಕಾಗದದ ಮೇಲಿನ ಒಡೆತನ ಯಾವ ದಿನ ಕೈತಪ್ಪಬಹುದು ಎಂಬುದಾಗಿತ್ತು. ಹೊಸ ಷೇರುಗಳಿಂದ ಹಳೆಯ ಪಾಲು ತೆಳುವಾಗುವುದನ್ನು ಹೂಡಿಕೆ ಸಂಶೋಧಕರಾದ ಬರ್ನ್‌ಸ್ಟೀನ್ ಮತ್ತು ಅರ್ನಾಟ್ ತೋರಿಸಿದ್ದೂ ಪ್ರಬಂಧ ಬಂದ 2003ರಲ್ಲೇ. ತಲಾ ಆದಾಯ ವೇಗವಾಗಿ ಬೆಳೆದ ದೇಶಗಳಲ್ಲಿ ಷೇರು ಗಳಿಕೆ ಹೆಚ್ಚಿರಲಿಲ್ಲ ಎಂಬುದನ್ನು ಹಣಕಾಸು ಪ್ರಾಧ್ಯಾಪಕ ಜೇ ರಿಟರ್ 2005ರಲ್ಲಿ ದೀರ್ಘಾವಧಿಯ ಅಂಕಿಗಳಿಂದ ತೋರಿಸಿದರು. ಈ ಬರಹಗಳನ್ನು ಜಗಳದ ಎರಡೂ ಪಕ್ಷದವರು ಓದಬೇಕಿತ್ತು. ಕೊನೆಗೆ 2015ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್ ತನ್ನ ಬ್ರಿಕ್ ಫಂಡನ್ನೇ ಮುಚ್ಚಿ ಬೇರೊಂದು ಫಂಡಿನಲ್ಲಿ ವಿಲೀನಗೊಳಿಸಿತು.

ಭಾರತವನ್ನು ಎದುರುದಾಹರಣೆಯಾಗಿ ತರುವವರಿದ್ದಾರೆ. ಪ್ರಬಂಧ ಬಂದಾಗ 5,000ದ ಕೆಳಗಿದ್ದ ಸೆನ್ಸೆಕ್ಸ್ 2024ರಲ್ಲಿ 80,000 ದಾಟಿತು, ನಿಜ. ಆದರೆ 2003ರ ನಂತರದ ಹತ್ತು ವರ್ಷ ಚೀನಾಕ್ಕಿಂತ ನಿಧಾನವಾಗಿ ಬೆಳೆದ ದೇಶ ನಮ್ಮದು. ಬೆಳವಣಿಗೆಯ ವೇಗವೇ ಗಳಿಕೆಯ ಮೂಲವಾಗಿದ್ದರೆ ಈ ಲೆಕ್ಕ ತಿರುವುಮುರುವಾಗಬೇಕಿತ್ತು. ಇಷ್ಟಾದರೂ ನಮ್ಮ ಸಣ್ಣ ಹೂಡಿಕೆದಾರರ ಮುಂದೆ ಎಸ್‌ಐಪಿ ಮಾರುವವರು ಇಂದಿಗೂ ಮೊದಲು ತೆರೆಯುವುದು ಜಿಡಿಪಿಯ ಏರುಗೆರೆಯನ್ನೇ, ಪಕ್ಕದಲ್ಲಿ ಷೇರಿನ ಬೆಲೆ ಅದರ ಗಳಿಕೆಯ ಎಷ್ಟು ಪಟ್ಟಿದೆ ಎಂಬುದನ್ನು ಬರೆಯದೆ.