ಜಿಡಿಪಿ: ಕಾದ ಮಾತ್ರಕ್ಕೆ ನಿಜ ತಿಳಿಯದು

ಜನವರಿ ಮೊದಲ ವಾರದಲ್ಲಿ ರಾಷ್ಟ್ರೀಯ ಸಾಂಖ್ಯಿಕ ಕಚೇರಿ ಜಿಡಿಪಿಯ ಮೊದಲ ಮುಂಗಡ ಅಂದಾಜು ಪ್ರಕಟಿಸಿದಾಗಲೆಲ್ಲ ಒಂದು ಆಕ್ಷೇಪ ಏಳುತ್ತದೆ. ಆರ್ಥಿಕ ವರ್ಷ ಮುಗಿಯಲು ಮೂರು ತಿಂಗಳಿರುವಾಗ ಈ ಅವಸರವೇಕೆ, ಕಾದರೆ ನಿಖರ ಅಂಕಿ ಸಿಗುವುದಿಲ್ಲವೇ? ಬೇಗ ಬಂದದ್ದು ತಪ್ಪು, ತಡವಾಗಿ ಬಂದದ್ದು ಸರಿ ಎಂಬ ಈ ನಂಬಿಕೆಯನ್ನು ನಾನು ಒಪ್ಪುವುದಿಲ್ಲ.

ಆಕ್ಷೇಪದಲ್ಲಿ ಹುರುಳಿಲ್ಲವೆಂದಲ್ಲ. 2023-24ರ ಬೆಳವಣಿಗೆಯ ಅಂದಾಜು ಶೇ 7.3ರಿಂದ ಶುರುವಾಗಿ 7.6, 8.2 ಆಗಿ, ಮುಂದೆ 9.2ಕ್ಕೇರಿತು. 2019-20ರದ್ದು 5ರಿಂದ 4ರ ಆಸುಪಾಸಿಗೆ ಇಳಿಯಿತು. ಆದರೆ ಫೆಬ್ರವರಿ 1ರ ಬಜೆಟ್‌ ವಿತ್ತೀಯ ಕೊರತೆಯನ್ನು ಜಿಡಿಪಿಯ ಶೇಕಡಾವಾರಿನಲ್ಲಿ ಹೇಳಬೇಕು. ಅದಕ್ಕೆ ಜನವರಿಯಲ್ಲೇ ಒಂದು ಅಂಕಿ ಬೇಕು.

ಕಾಯುವುದರಿಂದ ಏನಾಗುತ್ತದೆ ಎಂಬುದಕ್ಕೆ 2016-17 ಸಾಕ್ಷಿ. 2017ರ ಜನವರಿ 6ರಂದು ಬಂದ ಅಂದಾಜು ಶೇ 7.1. ಅಕ್ಟೋಬರ್‌ವರೆಗಿನ ಮಾಹಿತಿಯನ್ನಷ್ಟೇ ಆಧರಿಸಿದ್ದರಿಂದ ನವೆಂಬರ್ 8ರ ನೋಟು ರದ್ದತಿಯ ಪೆಟ್ಟು ಅದರಲ್ಲಿರಲಿಲ್ಲ. ಪೂರ್ಣ ಮಾಹಿತಿ ಬಂದಾಗ ಅಂಕಿ ಇಳಿಯುತ್ತದೆಂದು ಹಲವರು ಎಣಿಸಿದ್ದರು. ಆದರೆ 2019ರ ಜನವರಿಯಲ್ಲಿ ಅದು ಶೇ 8.2ಕ್ಕೇರಿತು! ನಗದಿಲ್ಲದೆ ಸಣ್ಣ ವ್ಯಾಪಾರಿಗಳು ತತ್ತರಿಸಿದ ವರ್ಷವದು.

ಕಾರಣ ಲೆಕ್ಕದ ಬುಡದಲ್ಲಿದೆ. 2011-12 ಮೂಲವರ್ಷದ ಆಗಿನ ಜಿಡಿಪಿ ಸರಣಿಯಲ್ಲಿ ಅಸಂಘಟಿತ ವಲಯದ ಬಹುಭಾಗವನ್ನು ವರ್ಷವರ್ಷವೂ ನೇರವಾಗಿ ಅಳೆಯುತ್ತಿರಲಿಲ್ಲ. 2010-11ರ ಸಮೀಕ್ಷೆಯನ್ನು ಆಧಾರವಾಗಿಟ್ಟುಕೊಂಡು, ಇತರ ಸೂಚಕಗಳ ಜೊತೆಗೆ ಅದನ್ನು ಮುಂದಕ್ಕೆ ಎಳೆಯುತ್ತಿದ್ದರು. ತಡವಾಗಿ ಕೈಸೇರುವುದು ಮುಖ್ಯವಾಗಿ ಕಂಪನಿಗಳ ಲೆಕ್ಕಪತ್ರ. ಬೀದಿಬದಿ ಅಂಗಡಿಯ ನಷ್ಟ ದೊಡ್ಡ ಕಂಪನಿಯ ಲಾಭವಾದಾಗ ಆ ಲಾಭ ಕಾಣುತ್ತಿತ್ತು, ನಷ್ಟ ಕಾಣುತ್ತಿರಲಿಲ್ಲ. ಅಳೆಯದೇ ಬಿಟ್ಟದ್ದನ್ನು ಎಷ್ಟು ವರ್ಷ ಕಾದರೂ ಲೆಕ್ಕಕ್ಕೆ ತರಲಾಗದು.

ಆದ್ದರಿಂದ ಜಗಳ ಕ್ಯಾಲೆಂಡರಿನ ಜೊತೆ ಬೇಡ. 2021-22ರಿಂದ ಅಸಂಘಟಿತ ಉದ್ಯಮಗಳ ಸಮೀಕ್ಷೆ ಪ್ರತಿವರ್ಷ ನಡೆಯುತ್ತಿರುವುದು ಸರಿಯಾದ ಹೆಜ್ಜೆ. ಅದರ ಫಲಿತಾಂಶ ಜಿಡಿಪಿ ಲೆಕ್ಕಕ್ಕೆ ತಡವಿಲ್ಲದೆ ಸೇರಬೇಕು. ಜೊತೆಗೆ, ಹಿಂದಿನ ಪರಿಷ್ಕರಣೆಗಳ ಆಧಾರದ ಮೇಲೆ ಪ್ರತಿ ಮುಂಗಡ ಅಂಕಿಯೂ ಎಷ್ಟು ಏರಿಳಿಯಬಹುದು ಎಂಬುದನ್ನು ಮೊದಲ ಪುಟದಲ್ಲೇ ತಿಳಿಸಬೇಕು. ಪರಿಷ್ಕರಣೆ ಅಪ್ರಾಮಾಣಿಕತೆಯಲ್ಲ, ಅಂದಾಜನ್ನು ನಿಶ್ಚಿತ ಸತ್ಯವೆಂಬಂತೆ ಮುಂದಿಡುವುದು ಅಪ್ರಾಮಾಣಿಕತೆ. ಅಂಕಿಗಳು ಬೇಗ ಬರಲಿ, ಆದರೆ ಸಣ್ಣ ಅಂಗಡಿಯವರ ದುಡಿಮೆಯನ್ನೂ ಎಣಿಸಿಕೊಂಡು ಬರಲಿ.