ಸಹಿ ಬಿತ್ತು, ಒಪ್ಪಿಗೆ ಸಿಕ್ಕಿತೇ?

ಆಪರೇಷನ್‌ಗೆ ಮುಂಚಿನ ಸಂಜೆ ವಾರ್ಡಿನಲ್ಲಿ ಕೇಳಿಬರುವ ಪ್ರಶ್ನೆ ಒಂದೇ: ‘ಕನ್ಸೆಂಟ್ ತಗೊಂಡ್ರಾ?’ ಹೌಸ್ ಸರ್ಜನ್ ಬೆರಳಿಟ್ಟು ತೋರಿಸಿದ ಕಡೆ ಸಹಿಯೋ ಹೆಬ್ಬೆಟ್ಟೋ ಬಿದ್ದರೆ ಕೇಸ್ ಶೀಟ್ ಮುಚ್ಚುತ್ತದೆ. ನಮ್ಮ ವೈದ್ಯರಿಗೆ ವೃತ್ತಿನೀತಿ ಗೊತ್ತಿಲ್ಲ ಎಂಬ ದೂರನ್ನು ನಾನು ಒಪ್ಪುವುದಿಲ್ಲ. ಗೊತ್ತಿದೆ, ಆದರೆ ನಾಳೆ ಕೋರ್ಟಿನಲ್ಲಿ ತಮ್ಮನ್ನು ಕಾಯುವ ಕಾಗದವಾಗಿ ಗೊತ್ತಿದೆ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಸದುದ್ದೇಶದ್ದು. 1995ರಲ್ಲಿ ದೆಹಲಿಯ 44 ವರ್ಷದ ಅವಿವಾಹಿತೆಯೊಬ್ಬರು ನಿಲ್ಲದ ಮುಟ್ಟಿನ ಸ್ರಾವಕ್ಕೆಂದು ಕ್ಲಿನಿಕ್ಕಿಗೆ ಹೋದರು. ಲ್ಯಾಪರೋಸ್ಕೋಪಿ ಪರೀಕ್ಷೆಗೆ ಅರಿವಳಿಕೆ ಕೊಟ್ಟಿದ್ದಾಗಲೇ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಅವರ ಗರ್ಭಕೋಶ, ಅಂಡಾಶಯಗಳನ್ನು ತೆಗೆದುಹಾಕಲಾಯಿತು. ರೋಗಕ್ಕೆ ತಕ್ಕ ಚಿಕಿತ್ಸೆಯನ್ನೇ ಮಾಡಿದ್ದೇನೆಂಬುದು ವೈದ್ಯರ ವಾದ. ಆ ಒಳ್ಳೆಯ ಉದ್ದೇಶವನ್ನು ಸುಪ್ರೀಂ ಕೋರ್ಟ್ ಕೂಡ ಅಲ್ಲಗಳೆಯಲಿಲ್ಲ. ಆದರೂ 2008ರ ಜನವರಿಯ ತೀರ್ಪಿನಲ್ಲಿ ಅದು ಖಚಿತವಾಗಿ ಹೇಳಿತು: ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಸಲ್ಲದು, ಪ್ರಾಣಾಪಾಯ ಇಲ್ಲದಿರುವಾಗ, ಎಚ್ಚರವಾದ ಮೇಲೆ ತಾನೇ ನಿರ್ಧರಿಸಬಲ್ಲ ವಯಸ್ಕಳ ಪರವಾಗಿ ತಾಯಿಯೂ ಒಪ್ಪುವಂತಿಲ್ಲ. ವೈದ್ಯರಿಗೆ ಶುಲ್ಕ ದಕ್ಕಲಿಲ್ಲ. ರೋಗಿಗೆ ಸಿಕ್ಕ ಪರಿಹಾರ 25,000 ರೂಪಾಯಿ! ತತ್ವ ದೊಡ್ಡದು, ಬೆಲೆ ಪುಡಿಗಾಸು. ಎಷ್ಟು ವಿವರಿಸಬೇಕೆಂಬ ಅಳತೆಗೋಲನ್ನೂ ಕೋರ್ಟ್ ವೈದ್ಯಸಮುದಾಯದ ರೂಢಿಗೇ ಬಿಟ್ಟುಕೊಟ್ಟಿತು. ತೀರ್ಪಿನ ದುರ್ಬಲ ಜಾಗ ಇದೇ ಎಂದು ನನಗನ್ನಿಸುತ್ತದೆ. ಆ ರೂಢಿಯಲ್ಲೇ ಅಲ್ಲವೇ ಹುಳುಕಿರುವುದು?

ತಪ್ಪೆಲ್ಲ ವೈದ್ಯರದೇ ಅಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿನಡತೆ ನಿಯಮಗಳಲ್ಲಿ ಶಸ್ತ್ರಚಿಕಿತ್ಸೆಗೆ ಯಾರ ಲಿಖಿತ ಒಪ್ಪಿಗೆ ಬೇಕೆಂದು ನೋಡಿ: ಮೊದಲು ಗಂಡ ಅಥವಾ ಹೆಂಡತಿ, ಆಮೇಲೆ ಚಿಕ್ಕವರಾದರೆ ತಂದೆ-ತಾಯಿ ಅಥವಾ ಪೋಷಕರು, ಕೊನೆಯಲ್ಲಿ ರೋಗಿ. ‘ಮನೆಯವರನ್ನು ಕರೀರಿ’ ಎನ್ನುವ ಡಾಕ್ಟರು ಆ ಸಾಲಿನ ಕ್ರಮವನ್ನೇ ಪಾಲಿಸುತ್ತಿದ್ದಾರೆ. ರೋಗಿಗಳೂ ‘ನಿಮಗೆ ತಿಳಿದ ಹಾಗೆ ಮಾಡಿ ಡಾಕ್ಟ್ರೇ’ ಎಂದು ಕೈಮುಗಿದುಬಿಡುತ್ತಾರೆ. ಅದು ನಂಬಿಕೆಯ ಮಾತು. ಅದನ್ನು ವಿವರಿಸುವ ಹೊಣೆಯಿಂದ ಬಿಡುಗಡೆ ಎಂದು ಓದಿಕೊಳ್ಳುವುದು ವೈದ್ಯರ ಅನುಕೂಲ.

2019ರಿಂದ ಎಂ.ಬಿ.ಬಿ.ಎಸ್. ಪಠ್ಯದಲ್ಲಿ ‘ಎಟ್‌ಕಾಮ್’ ಎಂಬ ಭಾಗ ಸೇರಿದೆ: ಮನೋಭಾವ, ನೀತಿ, ಸಂವಹನದ ಪಾಠ. ಮೊದಲ ವರ್ಷದಿಂದಲೇ ಶುರು, ಪರೀಕ್ಷೆಯಲ್ಲೂ ಉಂಟು. ಬಾಯಿಪಾಠದ ವ್ಯಾಖ್ಯೆಗಳ ಬದಲು ಪ್ರಸಂಗಗಳನ್ನಿಟ್ಟು ಚರ್ಚಿಸುವ ಅದರ ವಿಧಾನ ನಿಜಕ್ಕೂ ಒಳ್ಳೆಯದು. ಆದರೆ ವಿದ್ಯಾರ್ಥಿ ಕಲಿಯುವುದು ತರಗತಿಗಿಂತ ಹೆಚ್ಚಾಗಿ ರೌಂಡ್ಸ್‌ನಲ್ಲಿ. ಅಲ್ಲಿ ಪ್ರಾಧ್ಯಾಪಕರು ರೋಗಿಯ ಹಾಸಿಗೆಯ ಪಕ್ಕದಲ್ಲೇ ನಿಂತು, ಆಕೆಯ ಕಾಯಿಲೆಯನ್ನು ಆಕೆಗೆ ತಿಳಿಯದ ಇಂಗ್ಲಿಷಿನಲ್ಲಿ ಚರ್ಚಿಸಿ, ಮುಂದಿನ ಹಾಸಿಗೆಗೆ ನಡೆದುಬಿಡುತ್ತಾರೆ. ಎಟ್‌ಕಾಮ್ ಅಂಕ ಕೊಡುವುದು ವಿದ್ಯಾರ್ಥಿಗೆ, ಪ್ರಾಧ್ಯಾಪಕರಿಗಲ್ಲ.