78 ಸುತ್ತಿನ ಪಾಠಾಂತರ

ಗೌಹರ್ ಜಾನ್ ಅವರ ಧ್ವನಿ ತೀರಾ ತೆಳುವು, ಕೀಚಲು ಎಂದು ಹಿಂದೊಮ್ಮೆ ಸೆಮಿನಾರ್ ಪ್ರಬಂಧದಲ್ಲಿ ಬರೆದಿದ್ದೆ. ಆ ಕಾಲದ ತವಾಯಫ್ ಗಾಯನಕ್ಕೆ ಏರುದನಿಯ ಮೇಲಿದ್ದ ಮೋಹದ ಬಗ್ಗೆ ಒಂದು ಪುಟದ ವಾದವನ್ನೂ ಅದರ ಮೇಲೆ ಕಟ್ಟಿದ್ದೆ. ಯಾರೂ ಆಕ್ಷೇಪಿಸಲಿಲ್ಲ. ಆಮೇಲೆ ಅದೇ ತಟ್ಟೆಯ ಇನ್ನೊಂದು ಡಿಜಿಟಲ್ ಪ್ರತಿ ಸಿಕ್ಕಿತು. ತಂಬೂರಿ ಆ್ಯಪ್ ಹಿಡಿದು ನೋಡಿದರೆ ಎರಡಕ್ಕೂ ಹತ್ತಿರಹತ್ತಿರ ಅರ್ಧ ಮನೆ ಶ್ರುತಿಯ ವ್ಯತ್ಯಾಸ! ಹಾಗಾದರೆ ನಾನು ವಿಮರ್ಶೆ ಮಾಡಿದ್ದು ಯಾರ ಕಂಠವನ್ನು?

78 ಎಂಬುದು ಆ ತಟ್ಟೆಗಳಿಗೆ ಆಮೇಲೆ ಅಂಟಿದ ಹೆಸರು. 1902ರ ನವೆಂಬರಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಯಲ್ಲಿ ಗೌಹರ್ ಹಾಡನ್ನು ಮುದ್ರಿಸಿಕೊಂಡಾಗ ನಿಮಿಷಕ್ಕೆ ಇಷ್ಟೇ ಸುತ್ತು ಎಂಬ ಕಟ್ಟುನಿಟ್ಟು ಇರಲಿಲ್ಲ. 74 ಸುತ್ತಿನಲ್ಲಿ ಕೊರೆದದ್ದನ್ನು 78ರಲ್ಲಿ ತಿರುಗಿಸಿದರೆ ಶ್ರುತಿ ಸುಮಾರು ಅರ್ಧ ಮನೆ ಏರುತ್ತದೆ, ಮೂರು ನಿಮಿಷದ ಹಾಡು ಒಂಬತ್ತು ಸೆಕೆಂಡು ಮೊದಲೇ ಮುಗಿಯುತ್ತದೆ, ತಾನುಗಳು ಇನ್ನಷ್ಟು ಚುರುಕಾಗುತ್ತವೆ. ಎಂಥ ತಯಾರಿ ಎಂದು ನಾವು ತಲೆದೂಗುವುದರಲ್ಲಿ ಮೋಟಾರಿನ ಪಾಲೂ ಇರಬಹುದು.

ಹೈ-ಫೈ ಹುಚ್ಚಿನವರ ಬಗ್ಗೆ ನನಗೆ ತಾತ್ಸಾರವಿತ್ತು. (ಸಾವಿರಾರು ರೂಪಾಯಿಯ ಕೇಬಲ್ಲಿನ ವಿಷಯದಲ್ಲಿ ಈಗಲೂ ಇದೆ.) ಆದರೆ ಹಳೆಯ ತಟ್ಟೆಗೆ ಯಾವ ಮುಳ್ಳು, ಯಾವ ವೇಗ ಎಂದು ಗಂಟೆಗಟ್ಟಲೆ ಜಗಳವಾಡುವವರು ನಮಗಿಂತ ಒಳ್ಳೆಯ ಗ್ರಂಥಸಂಪಾದಕರು. ಎಲ್‌ಪಿ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 25 ಮೈಕ್ರಾನ್, ಅದಕ್ಕೂ ಕಡಿಮೆಯದೂ ಉಂಟು; 78ಕ್ಕೆ ಬೇಕಾದದ್ದು ಸುಮಾರು 75. ಸಣ್ಣ ಮುಳ್ಳು ಅಗಲದ ಗೀರಿನ ತಳಕ್ಕಿಳಿದು ಹಾಡಿನ ಬದಲು ಕಸವನ್ನು ಓದುತ್ತದೆ. ಪಂಪನ ಓಲೆಪ್ರತಿಯಲ್ಲಿ ಒಂದಕ್ಷರ ಬೇರೆಯಾದರೆ ಅಡಿಟಿಪ್ಪಣಿ ಬರೆಯುವ ನಾವು, ಧ್ವನಿಗೆ ಬಂದಾಗ ಯಾರೋ ಏರಿಸಿದ ಎಂಪಿ3ಯನ್ನೇ ಮೂಲವೆಂದು ನಂಬುತ್ತೇವೆ.

‘ಶುಚಿಗೊಳಿಸಿದ’ ಪ್ರತಿಗಳದ್ದು ಇನ್ನೊಂದು ಕಥೆ. 1925ರವರೆಗೂ ಧ್ವನಿಮುದ್ರಣಕ್ಕೆ ಮೈಕ್ ಬಂದಿರಲಿಲ್ಲ. ಕಹಳೆಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ಮಂದ್ರದ ತೂಕ, ಮೇಲಿನ ಅನುರಣನ ಎರಡೂ ಅದರಲ್ಲಿ ಸರಿಯಾಗಿ ಹಿಡಿಯುತ್ತಿರಲಿಲ್ಲ. ಉಳಿದಷ್ಟರ ಮೇಲೂ ಸಾಫ್ಟ್‌ವೇರ್ ಕೈಯಾಡಿಸಿದರೆ ಸರಸರ ಸದ್ದಿನ ಜೊತೆ ಕಂಠದ ಉಸಿರೂ ಹೋಗುತ್ತದೆ. ನನಗೆ ಸರಸರ ಇರುವ ಪ್ರತಿಯೇ ಮೇಲು. ಮೊದಲ ಅರ್ಧ ನಿಮಿಷ ಕಿರಿಕಿರಿ. ಆಮೇಲೆ, ಜಡಿಮಳೆಯಲ್ಲಿ ಪಕ್ಕದ ಮನೆಯ ಹಾಡಿಗೆ ಹೊಂದಿಕೊಂಡ ಹಾಗೆ ಕಿವಿ ಹೊಂದಿಕೊಳ್ಳುತ್ತದೆ.

ಹಾಡಿನ ಕೊನೆಗೆ ಗೌಹರ್ ಇಂಗ್ಲಿಷಿನಲ್ಲಿ ತಮ್ಮ ಹೆಸರು ಸಾರುತ್ತಾರೆ. ತಟ್ಟೆ ಒತ್ತುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಗುರುತಿರಲೆಂದು. ನನಗೆ ಅದೇ ಅಳತೆಗೋಲಾಯಿತು. ಹಾಡುವ ದನಿಯನ್ನು ಎಲ್ಲಿಗಾದರೂ ಏರಿಸಬಹುದು, ಮಾತಿಗೆ ಮಿತಿಯುಂಟು. 78ರಲ್ಲಿ ಅದು ಶಾಲೆಯ ಹುಡುಗಿ ಹಾಜರಿ ಹೇಳಿದಂತಿತ್ತು. ವೇಗ ಇಳಿಸುತ್ತಾ ಬಂದೆ. ಒಂದು ಕಡೆ, ಮೂವತ್ತರ ಹತ್ತಿರದ, ತನ್ನ ಬೆಲೆ ಗೊತ್ತಿರುವ ಹೆಂಗಸು ಮಾತಾಡಿದಳು. ಹಾಡನ್ನು ಮತ್ತೆ ಅಲ್ಲಿಂದ ಕೇಳಿದರೆ ಕೀಚಲು ಎಲ್ಲಿಯೂ ಇಲ್ಲ. ದನಿಗೆ ಎದೆ ಬಂದಿದೆ, ಮುರ್ಕಿಗಳ ನಡುವೆ ಜಾಗ ಬಂದಿದೆ. ಇದು ಪುರಾವೆಯಲ್ಲ, ಊಹೆ. ಆದರೂ ನನ್ನ ಹಳೆಯ ವಾದಕ್ಕಿಂತ ಗಟ್ಟಿ.

ಮೈಸೂರು ಅರಮನೆಯ ಆಶ್ರಯದಲ್ಲಿದ್ದ ಗೌಹರ್ 1930ರ ಜನವರಿಯಲ್ಲಿ ನಮ್ಮ ಮೈಸೂರಿನಲ್ಲೇ ತೀರಿಕೊಂಡರು. ಅವರ ಕಂಠಕ್ಕೆ ಹಚ್ಚಿದ್ದ ಆ ಒಂದು ಪುಟವನ್ನು ಪ್ರಬಂಧದಿಂದ ಕಿತ್ತುಹಾಕಿದ್ದೇನೆ. ಈಗ ಪ್ರತಿ ಧ್ವನಿಮುದ್ರಿಕೆಯ ಮುಂದೆ ನಾನು ಕೇಳಿದ ವೇಗವನ್ನೂ ನಮೂದಿಸುತ್ತೇನೆ. ಮಾರ್ಗದರ್ಶಕರು ಅದರ ಪಕ್ಕ ಪೆನ್ಸಿಲ್ಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಮರಳಿಸಿದ್ದಾರೆ.